ಆ ಸರ್ವರ್ ಎಲ್ಲವ್ನೆ?

ಕಳೆದ ತಿಂಗಳು ಜಯಲಕ್ಷ್ಮಿಪುರಂನ ಒಂದು ಜೆರಾಕ್ಸ್ ಅಂಗಡಿಗೆ ಹೋಗಿದ್ದೆ. ಆನ್‌ಲೈನ್ ಅರ್ಜಿ, ಪಹಣಿ ಎಲ್ಲವನ್ನೂ ಅಲ್ಲೇ ತೆಗೆದುಕೊಡುತ್ತಾರೆ. ನನಗಿಂತ ಮುಂದೆ ಕೆಆರ್‌ಎಸ್ ರಸ್ತೆ ಕಡೆಯ ಹಳ್ಳಿಯ ಅಜ್ಜಿಯೊಬ್ಬರು ನಿಂತಿದ್ದರು. ಅಂಗಡಿಯ ಹುಡುಗ ಮೂರ್ನಾಲ್ಕು ಸಲ ಪ್ರಯತ್ನಿಸಿ, "ಸರ್ವರ್ ಇಲ್ಲ ಅಜ್ಜಿ, ನಾಳೆ ಬನ್ನಿ" ಎಂದ. ಅಜ್ಜಿ, "ಎಲ್ಲವ್ನೆ ಮಗ ಆ ಸರ್ವರ್ರು? ನಾನೇ ಹೋಗಿ ಕೇಳ್ಕೊತೀನಿ" ಅಂದರು. ಸಾಲಿನಲ್ಲಿದ್ದವರೆಲ್ಲ ನಕ್ಕೆವು. ಬಸ್ಸು ಉಚಿತ, ನಿಜ. ಆದರೆ ಅಜ್ಜಿಯ ಆ ದಿನದ ಕೂಲಿ ಹೋಗಿತ್ತು.

ಮನೆಗೆ ಬಂದು ಯೋಚಿಸಿದಾಗ ಅಜ್ಜಿಯ ಪ್ರಶ್ನೆಯಲ್ಲಿ ನಗುವಂಥದ್ದು ಏನೂ ಇರಲಿಲ್ಲ ಅನ್ನಿಸಿತು. ಸರ್ವರ್ ಎಲ್ಲಿದೆ, ಅದನ್ನು ಅಲ್ಲಿ ಇಟ್ಟವರು ಯಾರು, ಅದು ಮೊದಲು ಯಾರ ಕೆಲಸ ಮಾಡುತ್ತದೆ? ಈ ಮೂರು ಪ್ರಶ್ನೆ ನಮ್ಮ ಸೀಮೆಗೆ ಹೊಸದಲ್ಲ. ಕರೆಂಟ್ ಬಂದಾಗಲೂ ಇವೇ ಇದ್ದವು.

ಒಂದು ಕಾಲದಲ್ಲಿ ಯಂತ್ರ ಓಡಿಸುವವರು ಶಕ್ತಿಯನ್ನು ತಾವೇ ಹುಟ್ಟಿಸಿಕೊಳ್ಳಬೇಕಿತ್ತು. ಕೋಲಾರದ ಚಿನ್ನದ ಗಣಿಗಳಲ್ಲಿ ಉಗಿ ಯಂತ್ರಗಳಿದ್ದವು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಶಿವನಸಮುದ್ರದ ಯೋಜನೆ ಶುರುವಾಯಿತು. 1902ರಲ್ಲಿ ಅಲ್ಲಿ ಹುಟ್ಟಿದ ವಿದ್ಯುತ್ ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಕೆಜಿಎಫ್ ಮುಟ್ಟಿತು. ಶಕ್ತಿ ಒಂದು ಕಡೆ ಹುಟ್ಟುತ್ತದೆ, ಬಳಕೆ ಇನ್ನೊಂದು ಕಡೆ, ಬಳಸಿದಷ್ಟಕ್ಕೆ ಹಣ. ಇಂದು ಕ್ಲೌಡ್ ಎಂದು ಕರೆಯುವ ವ್ಯವಸ್ಥೆಯ ಲೆಕ್ಕವೂ ಇದೇ. ಅಲ್ಲಿ ತಂತಿಯಲ್ಲಿ ಬರುವುದು ಬೇರೆಯವರ ಕಂಪ್ಯೂಟರ್‌ನ ಕೆಲಸ, ಅಷ್ಟೇ.

ಆಗ ಸರದಿ ಹೇಗಿತ್ತು ನೋಡಿ. ಮೊದಲು ಚಿನ್ನದ ಗಣಿ. 1905ರಲ್ಲಿ ಬೆಂಗಳೂರು. 1908ರಲ್ಲಿ ಮೈಸೂರು. ಬೇಡಿಕೆ ಏರಿತು, ಬೇಸಿಗೆಯಲ್ಲಿ ಹೊಳೆ ಸಾಲದಾಯಿತು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಗಲು ನೀರಾವರಿಯಷ್ಟೇ ಮುಖ್ಯ ಕಾರಣ ಶಿವನಸಮುದ್ರಕ್ಕೆ ವರ್ಷವಿಡೀ ನೀರು ಬೇಕಿದ್ದದ್ದು. ದೊಡ್ಡ ಗಿರಾಕಿಗೆ ತಡೆಯಿಲ್ಲದೆ ಕರೆಂಟ್ ಕೊಡಲು ಅಣೆಕಟ್ಟನ್ನೇ ಕಟ್ಟಲಾಯಿತು. ಆ ತಂತಿಯ ಕೆಳಗಿನ ಹಳ್ಳಿಗಳು ಮಾತ್ರ ದಶಕಗಳ ಕಾಲ ಸೀಮೆಎಣ್ಣೆ ಬುಡ್ಡಿಯಲ್ಲೇ ಕಳೆದವು.

ಈಗ ಪಹಣಿಗೆ ಬರೋಣ. ಇಪ್ಪತ್ತೈದು ವರ್ಷದ ಹಿಂದೆ ಪಹಣಿ ಇದ್ದದ್ದು ಗ್ರಾಮ ಲೆಕ್ಕಿಗರ ಪುಸ್ತಕದಲ್ಲಿ. ಅವರು ಸಿಕ್ಕಾಗ, ಅವರ ಮರ್ಜಿ ಇದ್ದಾಗ ಪಹಣಿ. 2001ರ ಹೊತ್ತಿಗೆ ಬಂದ 'ಭೂಮಿ' ಯೋಜನೆ 67 ಲಕ್ಷ ಭೂಮಾಲೀಕರ ಸುಮಾರು 2 ಕೋಟಿ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು. ಕೈಬರಹದ ಪಹಣಿಗೆ ಬೆಲೆ ಹೋಯಿತು. ಆಗ ಸರ್ವರ್ ಎಲ್ಲಿ ಅಂದರೆ ತೋರಿಸಬಹುದಿತ್ತು, ಆಯಾ ತಾಲ್ಲೂಕು ಕಚೇರಿಯ ಕೋಣೆಯಲ್ಲೇ ಇತ್ತು.

ಆದರೆ ಪಹಣಿಗಾಗಿ ತಾಲ್ಲೂಕಿನವರೆಗೆ ಏಕೆ ಓಡಾಡಬೇಕು? ಹೋಬಳಿಯಲ್ಲೇ ಕೊಡಲು 'ನೆಮ್ಮದಿ' ಕೇಂದ್ರಗಳು ಬಂದವು, ಮುಂದೆ ನಾಡಕಚೇರಿ, ಗ್ರಾಮ ಒನ್, ಈ ಜೆರಾಕ್ಸ್ ಅಂಗಡಿಯ ತನಕ. ಎಲ್ಲಿ ಬೇಕಾದರೂ ಸಿಗಬೇಕು ಅಂದರೆ ದಾಖಲೆ ಒಂದು ಕಡೆ ಇರಬೇಕು. ಹಾಗೆ ತಾಲ್ಲೂಕಿನ ದಾಖಲೆ ಬೆಂಗಳೂರಿನ ದತ್ತಾಂಶ ಕೇಂದ್ರ ಸೇರಿತು. ಇದರಿಂದ ಲಾಭ ದೊಡ್ಡದು, ಅದಕ್ಕೆ ತೆತ್ತ ಬೆಲೆಯೂ ಇದೆ. ಮೊದಲು ತಾಲ್ಲೂಕಿನ ಕಂಪ್ಯೂಟರ್ ಕೆಟ್ಟರೆ ಆ ತಾಲ್ಲೂಕಿನವರು ಕಾಯುತ್ತಿದ್ದರು. ಈಗ ಕೇಂದ್ರದಲ್ಲಿ ತೊಡಕಾದರೆ ಬೀದರಿನಿಂದ ಚಾಮರಾಜನಗರದ ತನಕ ಎಲ್ಲರೂ ಕಾಯಬೇಕು.

ಇದೇ ಕಾಲಕ್ಕೆ ಹೊರಗಿನ ಜಗತ್ತು ಬದಲಾಗಿತ್ತು. 2006ರಲ್ಲಿ ಅಮೆಜಾನ್ ತನ್ನ ಕಂಪ್ಯೂಟರ್‌ಗಳನ್ನು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಬಿಟ್ಟಿತು. 2014ರಲ್ಲಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಕ್ಲೌಡ್ ಶುರುವಾಯಿತು, ಅದಕ್ಕಿಟ್ಟ ಹೆಸರು 'ಮೇಘರಾಜ್'. ನಮ್ಮೂರಲ್ಲಿ ಮಳೆಗೆ ಕೈಮುಗಿಯುವ ಹೆಸರು! 2015ರಲ್ಲಿ ಮೈಕ್ರೋಸಾಫ್ಟ್, 2016ರಲ್ಲಿ ಅಮೆಜಾನ್ ಭಾರತದಲ್ಲೇ ಕೇಂದ್ರ ತೆರೆದವು. ಸಾಫ್ಟ್‌ವೇರ್ ಬರೆಯುವವರು ಬೆಂಗಳೂರಿನಲ್ಲಿ, ಆದರೆ ಯಂತ್ರಗಳು ಹೆಚ್ಚಾಗಿ ಮುಂಬೈ, ಚೆನ್ನೈ ಕಡೆ. ಸಮುದ್ರದಡಿಯ ಕೇಬಲ್ ದಡ ಸೇರುವುದು ಅಲ್ಲಿ.

ಕ್ಲೌಡ್ ಇದ್ದ ಮೇಲೆ ಸರ್ವರ್ ಏಕೆ ನಿಲ್ಲುತ್ತದೆ? ದಸರಾ ನೆನಪು ಮಾಡಿಕೊಳ್ಳಿ. ಜನ ಹೆಚ್ಚಾದಾಗ ವಿಶೇಷ ಬಸ್ ಬಿಡುತ್ತಾರೆ, ಮುಗಿದ ಮೇಲೆ ಡಿಪೋಗೆ ವಾಪಸ್. ಕ್ಲೌಡ್‌ನಲ್ಲೂ ಅಷ್ಟೇ, ಒತ್ತಡ ಬಂದಾಗ ಹೆಚ್ಚುವರಿ ಕಂಪ್ಯೂಟರ್‌ಗಳು ತಾವಾಗಿ ಸೇರಿಕೊಳ್ಳುತ್ತವೆ. ಆದರೆ ಹೆಚ್ಚುವರಿ ಬಸ್ಸಿಗೆ ಮೊದಲೇ ಹಣ ಒದಗಿಸಿರಬೇಕು. ಇನ್ನೊಂದು, ಬಸ್ ಎಷ್ಟು ಬಿಟ್ಟರೂ ದಾರಿಯಲ್ಲಿ ಸೇತುವೆ ಒಂದೇ ಇದ್ದರೆ ಎಲ್ಲವೂ ಅಲ್ಲೇ ಸಾಲುಗಟ್ಟುತ್ತವೆ. ಆಧಾರ್ ಒಟಿಪಿ, ಹಣ ಪಾವತಿ, ಮೂಲ ದಾಖಲೆ, ಇವೆಲ್ಲ ಅಂಥ ಸೇತುವೆಗಳು. ಒಂದು ನಿಧಾನವಾದರೂ ಅಂಗಡಿಯ ಹುಡುಗನಿಗೆ ಕಾಣುವುದು ಒಂದೇ, 'ಸರ್ವರ್ ಇಲ್ಲ'.

ಈಗ ಎಐ ಈ ಸಾಲಿಗೆ ಬಂದು ನಿಂತಿದೆ. ಅದಕ್ಕೆ ಬೇಕಾದ ಜಿಪಿಯು ಚಿಪ್‌ಗಳು ದುಬಾರಿ, ಕರೆಂಟನ್ನು ಕುಡಿಯುತ್ತವೆ, ತಂಪಾಗಿಡಲು ಹಲವು ಕಡೆ ನೀರೂ ಬೇಕು. 2024ರ ಮಾರ್ಚ್‌ನಲ್ಲಿ ಕೇಂದ್ರ ಸಂಪುಟ ಇಂಡಿಯಾ ಎಐ ಮಿಷನ್‌ಗೆ 10,300 ಕೋಟಿ ರೂಪಾಯಿಗೂ ಹೆಚ್ಚು ಮಂಜೂರು ಮಾಡಿತು. 10,000ಕ್ಕೂ ಹೆಚ್ಚು ಜಿಪಿಯು ಒದಗಿಸುವುದು ಆಗಿನ ಗುರಿ. 2025ರಲ್ಲಿ ದೇಶೀ ಭಾಷಾ ಮಾದರಿ ಕಟ್ಟಲು ಬೆಂಗಳೂರಿನ ಸರ್ವಂ ಸಂಸ್ಥೆ ಆಯ್ಕೆಯಾಯಿತು. ನಾಳೆ ಅಜ್ಜಿ ಫೋನಿನಲ್ಲಿ ಕನ್ನಡದಲ್ಲೇ ಪಹಣಿ ಕೇಳಬಹುದು. ಆದರೆ ಆ ಮಾತೂ ಯಾವುದೋ ಜಿಪಿಯು ಮುಂದೆ ಸರದಿ ನಿಲ್ಲಬೇಕು. ಹೆಚ್ಚು ಹಣ ಕೊಟ್ಟು ಮೊದಲೇ ಕಾಯ್ದಿರಿಸಿದ ಕಂಪನಿಯ ಹಿಂದೆ ನಿಲ್ಲಬೇಕೇ? 1902ರ ಕಥೆ ಗೊತ್ತಿರುವವರು ಇದನ್ನು ಈಗಲೇ ಕೇಳಬೇಕು.

ಎಲ್ಲದಕ್ಕೂ ಅಣೆಕಟ್ಟಿನಷ್ಟು ಖರ್ಚು ಬೇಕಿಲ್ಲ. 2023ರ ಜುಲೈನಲ್ಲಿ ಗೃಹಲಕ್ಷ್ಮಿ ನೋಂದಣಿ ಶುರುವಾದಾಗ, ಯಾವ ದಿನ, ಯಾವ ಹೊತ್ತು, ಯಾವ ಕೇಂದ್ರಕ್ಕೆ ಬರಬೇಕು ಎಂದು ಮೊಬೈಲಿಗೆ ಸಂದೇಶ ಕಳಿಸುವ ಏರ್ಪಾಟಿತ್ತು. ಯಂತ್ರದ ಮೇಲಿನ ಒತ್ತಡ ಹಂಚುವ ಉಪಾಯ ಅದು. ಸರ್ವರ್ ಇವತ್ತು ಇಲ್ಲ ಎಂದು ಬೆಳಿಗ್ಗೆಯೇ ತಿಳಿಸುವುದು ಅದಕ್ಕಿಂತ ಕಷ್ಟದ ಕೆಲಸವಲ್ಲ. ಹಾಗೆ ತಿಳಿಸಿದ್ದರೆ ಅಜ್ಜಿ ಬಸ್ ಹತ್ತುವ ಬದಲು ಕೂಲಿಗೆ ಹೋಗುತ್ತಿದ್ದರು.