ಪೆಟ್ರೋಲಿನ ಸೇರ್ಪಡೆಗಳು ಮತ್ತು ಬಾವಿ ನೀರಿನ ಗುಣಮಟ್ಟ

ಪೆಟ್ರೋಲ್ ಚೆನ್ನಾಗಿ ಉರಿಯಲೆಂದು ಅದಕ್ಕೆ ಆಮ್ಲಜನಕಯುಕ್ತ ಸಂಯುಕ್ತಗಳನ್ನು ಬೆರೆಸಲಾಗುತ್ತದೆ. ಸೋರಿದಾಗ ಇವು ಅಂತರ್ಜಲವನ್ನು ಸೇರುತ್ತವೆ.

ಎಂ.ಟಿ.ಬಿ.ಇ.: ಇದು ನೀರಿನಲ್ಲಿ ಸುಲಭವಾಗಿ ಕರಗುತ್ತದೆ, ಮಣ್ಣಿನ ಕಣಗಳಿಗೆ ಅಂಟುವುದಿಲ್ಲ, ನಿಧಾನವಾಗಿ ವಿಘಟನೆಗೊಳ್ಳುತ್ತದೆ. ಆದ್ದರಿಂದ ಅಂತರ್ಜಲದೊಡನೆ ಬಹುದೂರ ಸಾಗುತ್ತದೆ. ಲೀಟರಿಗೆ 20-40 ಮೈಕ್ರೋಗ್ರಾಂ ಇದ್ದರೂ ನೀರಿನ ರುಚಿ, ವಾಸನೆ ಕೆಡಬಹುದು. 1996ರಲ್ಲಿ ಅಮೆರಿಕದ ಸಾಂಟಾ ಮೋನಿಕಾ ನಗರವು ಇದೇ ಕಾರಣಕ್ಕೆ ಕುಡಿಯುವ ನೀರಿನ ಬಾವಿಗಳನ್ನು ಮುಚ್ಚಬೇಕಾಯಿತು.

ಎಥೆನಾಲ್: ನಮ್ಮ ದೇಶದಲ್ಲಿ ಪೆಟ್ರೋಲಿಗೆ ಶೇ. 20ರವರೆಗೆ ಬೆರೆಸಲಾಗುತ್ತಿದೆ. ಇದು ಬೇಗ ವಿಘಟನೆಗೊಳ್ಳುತ್ತದೆ. ಆದರೆ ಸೂಕ್ಷ್ಮಾಣುಗಳು ಇದನ್ನು ಮೊದಲು ಬಳಸಿ ನೀರಿನ ಆಮ್ಲಜನಕವನ್ನು ಕುಗ್ಗಿಸುವುದರಿಂದ, ಪೆಟ್ರೋಲಿನಲ್ಲಿರುವ ಕ್ಯಾನ್ಸರ್‌ಕಾರಕ ಬೆಂಜೀನ್ ಹೆಚ್ಚು ಕಾಲ ಉಳಿಯುತ್ತದೆ.

ಅನುಸರಿಸಬೇಕಾದ ಕ್ರಮಗಳು:
• ಪೆಟ್ರೋಲ್ ಕ್ಯಾನುಗಳನ್ನು ಬಾವಿ, ಕೊಳವೆಬಾವಿ ಹಾಗೂ ಕೃಷಿ ಹೊಂಡಗಳಿಂದ ದೂರವಿರಿಸಿ.
• ಸಿಂಪರಣಾ ಯಂತ್ರ, ಕಳೆ ಕೊಚ್ಚುವ ಯಂತ್ರಗಳಿಗೆ ಇಂಧನ ತುಂಬುವಾಗ ಕೆಳಗೆ ಅಗಲವಾದ ತಟ್ಟೆ ಇಡಿ.
• ಚೆಲ್ಲಿದ ಪೆಟ್ರೋಲನ್ನು ನೀರು ಸುರಿದು ತೊಳೆಯಬೇಡಿ. ಒಣ ಮರಳಿನಿಂದ ಹೀರಿಸಿ ತೆಗೆಯಿರಿ.
• ಬಾವಿ ನೀರಿನಲ್ಲಿ ಪೆಟ್ರೋಲ್ ವಾಸನೆ ಬಂದರೆ ಕುಡಿಯಬೇಡಿ, ಜಾನುವಾರುಗಳಿಗೂ ಕೊಡಬೇಡಿ.
• ರಸಸಾರ, ಲವಣಾಂಶಗಳ ಸಾಮಾನ್ಯ ಪರೀಕ್ಷೆಯಲ್ಲಿ ಈ ವಸ್ತುಗಳು ಪತ್ತೆಯಾಗುವುದಿಲ್ಲ. ಮಾದರಿ ನೀಡುವಾಗಲೇ ಪೆಟ್ರೋಲ್ ಸೋರಿಕೆಯ ಶಂಕೆಯನ್ನು ಪ್ರಯೋಗಾಲಯಕ್ಕೆ ತಿಳಿಸಿ.