ಓತಿಕ್ಯಾತದ ನೆತ್ತಿಯ ಮೇಲಿನ ಕಣ್ಣು

ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಬೆಳೆದ ನಮ್ಮಲ್ಲಿ ಓತಿಕ್ಯಾತಕ್ಕೆ ಕಲ್ಲು ಹೊಡೆಯದವರು ಕಡಿಮೆ. ಕಡ್ಡಿಗೆ ಕುಣಿಕೆ ಕಟ್ಟಿ ಹಿಡಿದವರೂ ಇದ್ದೇವೆ. ಆದರೆ ಅದರ ನೆತ್ತಿಯನ್ನು ನಾವು ಸರಿಯಾಗಿ ನೋಡಿರಲಿಲ್ಲ. ಕಣ್ಣುಗಳಿಗಿಂತ ತುಸು ಹಿಂದೆ, ನಡುನೆತ್ತಿಯ ಹುರುಪೆಯ ಮೇಲೆ ಸಾಸಿವೆಗಿಂತ ಚಿಕ್ಕದೊಂದು ಮಸುಕು ಚುಕ್ಕೆ ಇರುತ್ತದೆ. ಅದು ಮೂರನೇ ಕಣ್ಣು.

ಇದು ಪುರಾಣದ ಮಾತಲ್ಲ. ಆ ಚುಕ್ಕೆಯ ಕೆಳಗೆ ಮಸೂರವಿದೆ, ಬೆಳಕು ಹಿಡಿಯುವ ಪೊರೆಯಿದೆ, ತಲೆಬುರುಡೆಯ ಸಣ್ಣ ತೂತಿನ ಮೂಲಕ ಮೆದುಳಿಗೆ ಹೋಗುವ ನರವಿದೆ. ಅದಕ್ಕೆ ಆಕಾರಗಳು ಕಾಣುವುದಿಲ್ಲ. ಬೆಳಕು, ಕತ್ತಲೆ ಗೊತ್ತಾಗುತ್ತದೆ. ಉಡಕ್ಕೂ ಈ ಕಣ್ಣಿದೆ. ನಮ್ಮ ಮನೆಗೋಡೆಯ ಹಲ್ಲಿಗೆ ಇಲ್ಲ.

ಇದು ಕಣ್ಣು ಎಂದು ಒಪ್ಪಲು ವಿದ್ವಾಂಸರಿಗೂ ಹೊತ್ತು ಹಿಡಿಯಿತು. 1872ರಲ್ಲಿ ಜರ್ಮನಿಯ ಫ್ರಾಂಟ್ಸ್ ಲೈಡಿಗ್ ಯುರೋಪಿನ ಹಲ್ಲಿಗಳನ್ನು ಸೀಳಿ ನೋಡಿ ಇದನ್ನು ಕಂಡರು. ಗ್ರಂಥಿಯೆಂದು ತಿಳಿದು 'ಹಣೆಯ ಅಂಗ' ಎಂದು ಕರೆದರು. ಹದಿನಾಲ್ಕು ವರ್ಷ ಕಳೆದು, 1886ರಲ್ಲಿ, ಹಾಲೆಂಡಿನ ಹೆನ್ರಿ ಡಿ ಗ್ರಾಫ್ ಕಾಲಿಲ್ಲದ ಒಂದು ಹಲ್ಲಿಯಲ್ಲಿ ಅದನ್ನೇ ನೋಡಿ ಕಣ್ಣೆಂದರು. ಅದೇ ವರ್ಷ ಇಂಗ್ಲೆಂಡಿನ ಬಾಲ್ಡ್‌ವಿನ್ ಸ್ಪೆನ್ಸರ್, ನ್ಯೂಜಿಲೆಂಡಿನ ಟುವಟಾರ ಎಂಬ ಹಲ್ಲಿಯಂಥ ಪ್ರಾಣಿಯಲ್ಲೂ ಹಲವು ಜಾತಿಯ ಹಲ್ಲಿಗಳಲ್ಲೂ ಇದನ್ನು ತೋರಿಸಿದರು. ಆಗ ಅವರಿಗೆ ಇಪ್ಪತ್ತಾರು ವರ್ಷ.

ಕಣ್ಣೇನೋ ಸರಿ, ಅದರ ಕೆಲಸವೇನು? ಇದಕ್ಕೆ ಒಳ್ಳೆಯ ಉತ್ತರ ಬಂದದ್ದು 1958ರಲ್ಲಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರಾಬರ್ಟ್ ಸ್ಟೆಬಿನ್ಸ್ ಮತ್ತು ರಿಚರ್ಡ್ ಈಕಿನ್ ಕೆಲವು ಹಲ್ಲಿಗಳ ಮೂರನೇ ಕಣ್ಣು ತೆಗೆದು ಬಯಲಿಗೆ ಬಿಟ್ಟರು. ಅವು ಉಳಿದವುಗಳಿಗಿಂತ ಹೆಚ್ಚು ಹೊತ್ತು ಬಿಸಿಲಿನಲ್ಲೇ ಉಳಿದವು. ಬಿಸಿಲು ಎಷ್ಟು ಸಾಕು ಎಂದು ಅಳೆಯಲು ಈ ಕಣ್ಣು ನೆರವಾಗುತ್ತದೆ ಎಂದು ಅವರು ತಿಳಿದರು. ಆ ಹಲ್ಲಿಗೆ ಅಲ್ಲಿನ ಜನ ಇಟ್ಟ ಹೆಸರು 'ಬೇಲಿ ಹಲ್ಲಿ'!

ನಮ್ಮಲ್ಲೂ 'ಓತಿಕ್ಯಾತಕ್ಕೆ ಬೇಲಿ ಸಾಕ್ಷಿ' ಎನ್ನುತ್ತಾರಲ್ಲ. ಬೆಳಿಗ್ಗೆ ಅದು ಬೇಲಿಗೂಟದ ಮೇಲೆ ಮೈ ಕಾಯಿಸುತ್ತದೆ, ಬಿಸಿಲೇರಿದರೆ ನೆರಳಿಗೆ ಇಳಿಯುತ್ತದೆ. ನಮ್ಮ ಹಾಗೆ ಮೈ ಒಳಗೇ ಬಿಸಿ ಹುಟ್ಟಿಸಿಕೊಳ್ಳಲು ಅದಕ್ಕೆ ಬರುವುದಿಲ್ಲ; ಬಿಸಿಲಿನ ಲೆಕ್ಕ ತಪ್ಪಿದರೆ ಜೀವಕ್ಕೇ ಕುತ್ತು. ಆದರೆ ಗಿಡಗಳ ಬೇಲಿ ಕಿತ್ತು ಬರೀ ಕಲ್ಲುಕಂಬ, ತಂತಿ ಹಾಕಿದ ಕಡೆ, ನೆರಳಿಗೆ ಹೋಗೆಂದು ನೆತ್ತಿಯ ಕಣ್ಣು ಹೇಳಿದರೂ ಅದು ಎಲ್ಲಿಗೆ ಹೋಗಬೇಕು?

ನಿಮ್ಮ ಹೊಲದ ಬೇಲಿಯಲ್ಲಿ ನಾಲ್ಕು ಗಿಡ ಉಳಿಸಿ. ನಾಳೆ ಬೆಳಿಗ್ಗೆ ಓತಿಕ್ಯಾತ ಕಂಡರೆ ಕಲ್ಲು ಬೇಡ, ಫೋನು ತೆಗೆಯಿರಿ. ದೂರದಿಂದಲೇ ಜೂಮ್ ಮಾಡಿ ಅದರ ನೆತ್ತಿ ನೋಡಿ, ಮಕ್ಕಳಿಗೂ ತೋರಿಸಿ.