ಹೆಸರಿಲ್ಲದ ಬುರುಡೆಗೊಂದು ಮುಖ

1987ರ ನವೆಂಬರ್ 18ರ ಸಂಜೆ ಲಂಡನ್ನಿನ ಕಿಂಗ್ಸ್ ಕ್ರಾಸ್ ಸುರಂಗ ರೈಲು ನಿಲ್ದಾಣದಲ್ಲಿ ಮರದ ಎಸ್ಕಲೇಟರ್ ಹೊತ್ತಿಕೊಂಡು 31 ಮಂದಿ ಸತ್ತರು. ಅವರಲ್ಲಿ ಒಬ್ಬರು ಯಾರೆಂಬುದೇ ತಿಳಿಯಲಿಲ್ಲ. ಶವಾಗಾರದ ಚೀಟಿಯಲ್ಲಿದ್ದ 115 ಎಂಬ ಸಂಖ್ಯೆಯೇ ಆ ವ್ಯಕ್ತಿಯ ಹೆಸರಾಯಿತು.

ಸುಟ್ಟ ಮುಖವನ್ನು ಮತ್ತೆ ರೂಪಿಸುವ ಕೆಲಸ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ರಿಚರ್ಡ್ ನೀವ್ ಅವರ ಪಾಲಿಗೆ ಬಂತು. ಅಲೆಗ್ಸಾಂಡರನ ತಂದೆ ಫಿಲಿಪನದೆನ್ನಲಾದ ಬುರುಡೆಗೆ ಸಂಗಡಿಗರೊಡನೆ ಮುಖ ಕೊಟ್ಟವರು ಇವರೇ.

ಈ ವಿದ್ಯೆಯಲ್ಲಿ ಕಲ್ಪನೆಗಿಂತ ಲೆಕ್ಕ ಹೆಚ್ಚು. ಬುರುಡೆಯ ಅಚ್ಚು ತೆಗೆದು ಹಣೆ, ಕೆನ್ನೆ, ಗದ್ದಗಳ ಗೊತ್ತಾದ ಜಾಗಗಳಲ್ಲಿ ಸಣ್ಣ ಗೂಟಗಳನ್ನು ನೆಡುತ್ತಾರೆ. ಅಲ್ಲಿ ಚರ್ಮ, ಮಾಂಸ ಸರಾಸರಿ ಎಷ್ಟು ದಪ್ಪವಿರುತ್ತದೆಯೋ ಗೂಟವೂ ಅಷ್ಟೇ ಉದ್ದ. 1895ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ, ಸಂಗೀತಗಾರ ಬಾಖ್‌ನದೆನ್ನಲಾದ ಬುರುಡೆಗಾಗಿ ವಿಲ್ಹೆಲ್ಮ್ ಹಿಸ್ ಶವಗಳ ಮುಖಕ್ಕೆ ಸೂಜಿ ಚುಚ್ಚಿ ಇಂಥ ಅಳತೆ ತೆಗೆದಿದ್ದರು. ಗೂಟಗಳ ನಡುವೆ ಜೇಡಿಮಣ್ಣಿನಲ್ಲಿ ಒಂದೊಂದೇ ಸ್ನಾಯು, ಮೇಲೆ ಚರ್ಮ. ಆದರೆ ಕಿವಿ, ತುಟಿ, ಮೂಗಿನ ತುದಿಯ ಬಗ್ಗೆ ಮೂಳೆ ಹೆಚ್ಚೇನೂ ಹೇಳದು. ಅಂದಮೇಲೆ ಇದು ಭಾವಚಿತ್ರವಲ್ಲ, ಸಾಕ್ಷ್ಯವಂತೂ ಅಲ್ಲವೇ ಅಲ್ಲ. ಬಲ್ಲವರೊಬ್ಬರು ನೋಡಿ ಪೊಲೀಸರ ಬಳಿ ಬರಲೆಂಬ ಆಸೆ, ಅಷ್ಟೆ.

ಆ ಆಸೆ ಬೇಗ ಕೈಗೂಡಲಿಲ್ಲ. ಮೃತರ ವಯಸ್ಸು 40ರಿಂದ 60ರೊಳಗೆ ಎಂದು ತಜ್ಞರು ಅಂದಾಜಿಸಿದ್ದರು. ಸ್ಕಾಟ್ಲೆಂಡಿನ ಕುಟುಂಬವೊಂದು ತಮ್ಮ ತಂದೆ ಇರಬಹುದೆಂದು ಹೇಳಿದರೂ, ಅವರಿಗೆ 70 ದಾಟಿದ್ದರಿಂದ ಆ ಹೆಸರು ಹಿಂದೆ ಸರಿಯಿತು. ಕಡೆಗೆ 2004ರಲ್ಲಿ ಗುರುತು ಖಚಿತವಾಯಿತು. ಹಿಂದೆ ಮಿದುಳಿನ ಶಸ್ತ್ರಚಿಕಿತ್ಸೆಯಲ್ಲಿ ವೈದ್ಯರು ಹಾಕಿದ್ದ ಪುಟ್ಟ ಲೋಹದ ಕ್ಲಿಪ್ ತಲೆಯೊಳಗೆ ಹಾಗೆಯೇ ಉಳಿದಿತ್ತು. ಅದು ಆ ತಂದೆಯದೇ.